ಪೆಂಟಾಮಿನೊ, ಸೋಮಾ, ರೂಬಿಕ್ಸ್ ಕ್ಯೂಬ್: ಮೇಜಿನ ಮೇಲೆ ಉಳಿದದ್ದು ಯಾವುದು?

ಪೆಂಟಾಮಿನೊ ತುಂಡುಗಳನ್ನು ನಾನು ಎರಡು ಸಲ ಕೊಂಡಿದ್ದೇನೆ. ಮೊದಲ ಸಲ ತಿಳಿಯದೆ, ಎರಡನೆಯ ಸಲ ತಿಳಿದು. ಈ ಎರಡರ ನಡುವೆ ಒಂದು ರೂಬಿಕ್ಸ್ ಕ್ಯೂಬ್, ಒಂದು ಸೋಮಾ ಕ್ಯೂಬ್ ಮತ್ತು ಗಣಿತದ ಒಗಟುಗಳ ಒಂದು ದಪ್ಪ ಸಂಕಲನವೂ ಮನೆಗೆ ಬಂದವು. ಪೆಂಟಾಮಿನೊ ಬಿಟ್ಟು ಉಳಿದವೆಲ್ಲ ಈಗ ಕಪಾಟು ಸೇರಿವೆ. ಆದ್ದರಿಂದ ಮುಂದಿನ ಹೋಲಿಕೆಯನ್ನು ಪಕ್ಷಪಾತಿಯೊಬ್ಬನ ಮಾತೆಂದೇ ಓದಬೇಕು.

ಐದು ಚೌಕಗಳನ್ನು ಬದಿಗೆ ಬದಿ ತಾಗಿಸಿ ಜೋಡಿಸಿದರೆ ಒಟ್ಟು 12 ಬಗೆಯ ಆಕಾರಗಳು ಸಿಗುತ್ತವೆ. ಅವುಗಳಿಗೆ ಪೆಂಟಾಮಿನೊ ಎಂಬ ಹೆಸರನ್ನು ಕೊಟ್ಟವರು ಗಣಿತಜ್ಞ ಸಾಲೊಮನ್ ಗೊಲೊಂಬ್. 1953ರಲ್ಲಿ, ಒಂದು ಉಪನ್ಯಾಸದಲ್ಲಿ. ಹನ್ನೆರಡೂ ಸೇರಿ 60 ಚೌಕಗಳಾಗುವುದರಿಂದ 6×10ರ ಆಯತವನ್ನು ತುಂಬಬಹುದು, ಮತ್ತು ಚೌಕಗಳ ಬದಲು ಘನಗಳಿಂದ ಮಾಡಿದ ತುಂಡುಗಳಾದರೆ 3×4×5ರ ಪೆಟ್ಟಿಗೆಯನ್ನೂ ಕಟ್ಟಬಹುದು. ‘ಘನಗಳಾದರೆ’ ಎಂಬ ಈ ಷರತ್ತನ್ನು ನಾನು ಮೊದಲ ಸಲ ಗಮನಿಸಲಿಲ್ಲ.

ಮೊದಲು ಬಂದ ಸೆಟ್ಟು ನೋಡಲು ಬಹಳ ಚೆನ್ನಾಗಿತ್ತು: ನಯವಾದ ಮರ, ಸರಿಯಾಗಿ ಹೊಂದುವ ತಟ್ಟೆ. ಆದರೆ ಚೌಕದ ಬದಿ 2 ಸೆಂಟಿಮೀಟರ್ ಇದ್ದರೆ ತುಂಡಿನ ದಪ್ಪ ಕೇವಲ 1 ಸೆಂಟಿಮೀಟರ್. ಮಾರುವವರ ಚಿತ್ರ ಮೇಲಿನಿಂದ ತೆಗೆದದ್ದಾದ್ದರಿಂದ ದಪ್ಪ ಕಾಣುವಂತೆಯೇ ಇರಲಿಲ್ಲ, ವಿವರಣೆಯಲ್ಲಿಯೂ ಅದರ ಪ್ರಸ್ತಾಪವಿರಲಿಲ್ಲ. ಎರಡು ವಾರ ಆಯತಗಳನ್ನು ತುಂಬಿ, ಮೂರನೆಯ ವಾರ ಉತ್ಸಾಹದಿಂದ ಪೆಟ್ಟಿಗೆ ಕಟ್ಟಲು ಕುಳಿತೆ. ಮಲಗಿಸಿದ ತುಂಡಿನ ಎತ್ತರ ನಿಲ್ಲಿಸಿದ ತುಂಡಿನ ಅಳತೆಗೆ ಹೊಂದದೆ ಎಲ್ಲೆಲ್ಲೂ ಅರ್ಧ ಮೆಟ್ಟಿಲುಗಳು ಉಳಿದವು. ತಪ್ಪು ನನ್ನ ಜೋಡಣೆಯದೆಂದು ಭಾವಿಸಿ ಒಂದು ಸಂಜೆಯನ್ನೇ ಕಳೆದೆ. ಕೊನೆಗೆ ಅಳತೆಪಟ್ಟಿ ಹಿಡಿದಾಗಲೇ ನಿಜ ತಿಳಿದದ್ದು.

ಅಷ್ಟಕ್ಕೇ ಬಿಡದೆ, ರಟ್ಟು ಕತ್ತರಿಸಿ ಪ್ರತಿ ತುಂಡಿನ ಕೆಳಗೆ ಪದರ ಪದರವಾಗಿ ಅಂಟಿಸಿ ದಪ್ಪ ಮಾಡಲು ಹೊರಟೆ. ಅಂಟು ಒಣಗಿದ ಮೇಲೆ ಕೆಲವು ತುಂಡುಗಳು ಒಂದೆರಡು ಮಿಲಿಮೀಟರ್ ಹೆಚ್ಚಾದವು, ಕೆಲವು ಓರೆಯಾದವು. ಈಗ ಅವು ಪೆಟ್ಟಿಗೆಗೂ ಆಗಲಿಲ್ಲ, ಮೊದಲಿನಂತೆ ತಟ್ಟೆಯಲ್ಲಿಯೂ ಕೂರಲಿಲ್ಲ. ಅಂಥದೇ ಇನ್ನೊಂದು ಸೆಟ್ಟನ್ನು ತಂದು ಒಂದೊಂದೇ ಆಕಾರವನ್ನು ಅದರ ಜೋಡಿಗೆ ಅಂಟಿಸಿದ್ದರೆ ದಪ್ಪ ಸರಿಯಾಗಿ 2 ಸೆಂಟಿಮೀಟರ್ ಆಗುತ್ತಿತ್ತು ಎಂಬ ಸರಳ ಲೆಕ್ಕ, ದುಬಾರಿಯಾದ ಹೊಸ ಸೆಟ್ಟು ಬಂದು ಸೇರಿದ ಮೇಲೆ ಹೊಳೆಯಿತು.

ಹೊಸ ಸೆಟ್ಟಿನ ದಪ್ಪವೂ ಬದಿಯೂ ಸಮ. 3×4×5ರ ಪೆಟ್ಟಿಗೆಗೆ 3940 ಪರಿಹಾರಗಳಿವೆ. ನನಗೆ ಈವರೆಗೆ ದಕ್ಕಿರುವುದು ಎರಡು.

ಸೋಮಾ ಕ್ಯೂಬ್ ಡೆನ್ಮಾರ್ಕಿನ ಪೀಟ್ ಹೈನ್ ಅವರ ಕಲ್ಪನೆ. ಮೂರು ಘನಗಳ ಒಂದು ತುಂಡು, ನಾಲ್ಕು ಘನಗಳ ಆರು ತುಂಡುಗಳು, ಒಟ್ಟು 27 ಘನಗಳು ಸೇರಿ 3×3×3 ಆಗಬೇಕು. ಇದಕ್ಕೆ 240 ದಾರಿಗಳಿವೆ. ಅಗ್ಗ, ಚಿಕ್ಕದು, ಪ್ರಯಾಣಕ್ಕೆ ಅನುಕೂಲ. ಆದರೆ ಮೊದಲ ಕೆಲವು ಯಶಸ್ಸುಗಳ ಬಳಿಕ ಕೈ ತಾನೇ ದಾರಿ ಹುಡುಕಿಕೊಳ್ಳುತ್ತದೆ, ನನ್ನ ಕುತೂಹಲವೂ ಅಲ್ಲಿಗೇ ನಿಂತಿತು.

ರೂಬಿಕ್ಸ್ ಕ್ಯೂಬಿನ ವಿಷಯ ಬೇರೆ. ಅದರ ಸ್ಥಿತಿಗಳ ಸಂಖ್ಯೆ 43ರ ಮುಂದೆ 18 ಸೊನ್ನೆ ಬರೆದಾಗ ಬರುವುದಕ್ಕಿಂತಲೂ ಹೆಚ್ಚು, ಆದರೂ ಯಾವ ಸ್ಥಿತಿಯನ್ನಾದರೂ 20 ತಿರುವುಗಳೊಳಗೆ ಬಿಡಿಸಬಹುದೆಂದು 2010ರಲ್ಲಿ ಸಾಬೀತಾಗಿದೆ. ನನಗೆ ನೂರಕ್ಕೂ ಹೆಚ್ಚು ತಿರುವುಗಳು ಬೇಕು, ಅದೂ ಬಾಯಿಪಾಠ ಮಾಡಿದ ಕ್ರಮಗಳ ಬಲದಿಂದ. ಒಮ್ಮೆ ಕಂಠಸ್ಥವಾದ ಮೇಲೆ ಬೆರಳುಗಳು ದುಡಿಯುತ್ತವೆ, ತಲೆ ಸುಮ್ಮನಿರುತ್ತದೆ. ಅದರಲ್ಲಿ ನಿಜವಾದ ಗಣಿತ ಎದುರಾದದ್ದು ಅದನ್ನು ಬಿಚ್ಚಿ ಮನಬಂದಂತೆ ಮರುಜೋಡಿಸಿದ ದಿನ: ಒಂದು ಮೂಲೆ ಮಾತ್ರ ತಿರುಚಿಕೊಂಡೇ ಉಳಿಯಿತು. ಹಾಗೆ ಜೋಡಿಸಿದಾಗ ಬಿಡಿಸಲು ಸಾಧ್ಯವಿರುವ ಸ್ಥಿತಿ ಬರುವುದು 12ರಲ್ಲಿ ಒಂದು ಸಲ ಮಾತ್ರ. ಕಾರಣ ಹುಡುಕುತ್ತ ಕಳೆದ ಆ ಎರಡು ದಿನಗಳಿಗಾಗಿ ಕ್ಯೂಬಿಗೆ ನಾನು ಋಣಿ.

ಒಗಟುಗಳ ಸಂಕಲನದಲ್ಲಿ ಪ್ರಶ್ನೆಯ ಕೆಳಗೇ ಉತ್ತರ ಅಚ್ಚಾಗಿದೆ. ಕಾಗದದಿಂದ ಮುಚ್ಚಿಕೊಂಡು ಓದುವಷ್ಟು ಸಂಯಮ ನನಗಿಲ್ಲ.

ಪೆಂಟಾಮಿನೊ ನನಗೆ ಒಗ್ಗಿದ್ದಕ್ಕೆ ನನ್ನ ಅಭ್ಯಾಸವೇ ಮುಖ್ಯ ಕಾರಣ. ರಾತ್ರಿ ಅರ್ಧ ಗಂಟೆಗಿಂತ ಹೆಚ್ಚು ಕೂರಲಾರೆ. ಅರ್ಧಕ್ಕೆ ಬಿಟ್ಟ ಆಯತ ಮರುದಿನ ಹಾಗೆಯೇ ಕಾದಿರುತ್ತದೆ. ಅದಕ್ಕಿಂತ ಮಿಗಿಲಾಗಿ, ಯಾರೂ ಹೇಳಿಕೊಡದೆಯೇ ನಿಯಮಗಳು ಹೊಳೆಯುತ್ತವೆ. ಪ್ಲಸ್ ಆಕಾರದ ತುಂಡನ್ನು ಮೂಲೆಗೆ ತಳ್ಳಿದರೆ ಒಂಟಿ ಚೌಕವೊಂದು ಸಿಕ್ಕಿಕೊಳ್ಳುತ್ತದೆ. ಉಳಿದ ಜಾಗ ಎರಡು ಹೋಳಾದಾಗ ಪ್ರತಿ ಹೋಳಿನ ಚೌಕಗಳ ಸಂಖ್ಯೆ ಐದರಿಂದ ಭಾಗವಾಗದಿದ್ದರೆ ಮುಂದೆ ಹೋಗುವುದು ವ್ಯರ್ಥ. ಇಂಥ ಒಂದೊಂದು ನಿಯಮವೂ ಹತ್ತಾರು ಸೋಲುಗಳ ಬಳಿಕ ಸಿಕ್ಕಿದ್ದರಿಂದ ಮರೆಯುವುದಿಲ್ಲ.

ಹಣ ಖರ್ಚು ಮಾಡುವ ಮನಸ್ಸಿಲ್ಲದವರು ಗ್ರಾಫ್ ಕಾಗದವನ್ನು ರಟ್ಟಿಗೆ ಅಂಟಿಸಿ ಕತ್ತರಿಸಿಕೊಂಡರೆ ಆಯತಗಳಿಗೆ ಏನೂ ಕೊರತೆಯಾಗದು. ಕೊಳ್ಳುವುದೇ ಆದರೆ ದಪ್ಪದ ಅಳತೆಯನ್ನು ಕೇಳಿಯೇ ಕೊಳ್ಳಬೇಕು. ನಾನು ಎರಡು ಸಲ ತೆತ್ತ ಹಣದಲ್ಲಿ ಉಳಿದ ಮೂರೂ ಬಂದು ಇನ್ನೂ ಮಿಗುತ್ತಿತ್ತು.

6×10ರ ಆಯತಕ್ಕೆ 2339 ಪರಿಹಾರಗಳಿದ್ದರೆ 3×20ರ ಉದ್ದನೆಯ ಪಟ್ಟಿಗೆ ಇರುವುದು ಎರಡೇ. ಒಂದು ತಿಂಗಳಿಂದ ಅದರ ಬೆನ್ನು ಹತ್ತಿದ್ದೇನೆ. ಸದ್ಯ ಮೇಜಿನ ಮೇಲೆ ಹತ್ತು ತುಂಡುಗಳು ಕೂತಿವೆ. ಕೈಯಲ್ಲಿ ಉಳಿದ ಎರಡಕ್ಕೆ ಜಾಗವಿದೆ, ಆಕಾರ ಹೊಂದುತ್ತಿಲ್ಲ.