ಮೊದಲ ಗಾಳ ಕೆರೆಗೋ, ನದಿಗೋ?

ಇಂಗ್ಲೆಂಡಿನಲ್ಲಿ ಹೊಸದಾಗಿ ಗಾಳ ಹಿಡಿಯುವವರಿಗೆ ದಾರಿ ಎರಡು: ದಿನದ ಟಿಕೆಟ್ ಕೊಂಡು ಕೂರುವ ಖಾಸಗಿ ಕೆರೆ, ಇಲ್ಲಾ ನದಿ. ಎರಡಕ್ಕೂ ರಾಡ್ ಲೈಸೆನ್ಸ್, ಅಂದರೆ ಗಾಳ ಹಾಕುವ ಸರ್ಕಾರಿ ಪರವಾನಗಿ, ಬೇಕೇ ಬೇಕು. 13 ತುಂಬದ ಮಕ್ಕಳಿಗೆ ಮಾತ್ರ ಬೇಡ.

ಕೆರೆಯಲ್ಲಿ ಕಾರ್ಪ್, ರೋಚ್ ಮೀನುಗಳನ್ನು ತಂದು ಬಿಟ್ಟಿರುತ್ತಾರೆ. ಜಾಸ್ತಿ ಕಾಯಬೇಕಿಲ್ಲ. ಕೊಕ್ಕೆಗೆ ಒಂದು ಸ್ವೀಟ್‌ಕಾರ್ನ್ ಕಾಳು ಚುಚ್ಚಿ, ದಡದ ಜೊಂಡಿನ ಪಕ್ಕದಲ್ಲೇ ಬಿಡಿ. ದಾರಕ್ಕೆ ಕಟ್ಟಿದ ತೇಲುವ ಬೆಂಡು ಮೊದಲು ಸಣ್ಣಗೆ ನಡುಗುತ್ತದೆ. ಆಗಲೇ ಎಳೆಯಬೇಡಿ, ಪೂರ್ತಿ ಮುಳುಗಿದಾಗ ಎತ್ತಿ. ನಿಯಮಗಳು ಮಾತ್ರ ಸುಮಾರಿವೆ. ಹೆಚ್ಚಿನ ಕಡೆ ಹಿಮ್ಮುಳ್ಳಿಲ್ಲದ ಕೊಕ್ಕೆಯೇ ಆಗಬೇಕು, ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು. ಸಾರಿನ ಆಸೆ ಇದ್ದರೆ ಸುಮ್ನೆ ಅಂಗಡಿಗೆ ಹೋಗಿ!

ನದಿಯ ಸೊಗಸೇ ಬೇರೆ, ಗದ್ದಲವೂ ಕಡಿಮೆ. ಆದರೆ ಹರಿವು ಬೆಂಡನ್ನು ಎಳೆದುಕೊಂಡೇ ಹೋಗುತ್ತದೆ, ದಾರ ಗಿಡಕ್ಕೆ ಸಿಕ್ಕಿಕೊಳ್ಳುತ್ತದೆ. ಸಾಲದ್ದಕ್ಕೆ ಮಾರ್ಚ್ 15ರಿಂದ ಜೂನ್ 15ರವರೆಗೆ ರೋಚ್, ಪರ್ಚ್, ಚಬ್‌ನಂಥವನ್ನು ನದಿಯಲ್ಲಿ ಹಿಡಿಯುವಂತಿಲ್ಲ. ಜಾಗ ಯಾವ ಗಾಳಗಾರರ ಕ್ಲಬ್ಬಿನದು ಅಂತಲೂ ಮೊದಲೇ ವಿಚಾರಿಸಬೇಕು.

ಏಪ್ರಿಲ್‌ನಲ್ಲಿ ಶುರು ಮಾಡೋರಿಗೆ ಕೆರೆಯೇ ಗತಿ. ಮಕ್ಕಳು ಜೊತೆಗಿದ್ದರೂ ಅಷ್ಟೇ, ಮೀನು ಬೇಗ ಸಿಗದಿದ್ದರೆ ಅವರು ಕೂರಲ್ಲ ಅಲ್ವಾ? ಒಬ್ಬರೇ ಹೋಗುವವರು, ತಾಳ್ಮೆ ಇರುವವರು ಬೇಸಿಗೆಯಲ್ಲಿ ಕೆರೆಯಲ್ಲಿ ಕೈ ಪಳಗಿಸಿ, ಸೆಪ್ಟೆಂಬರ್‌ಗೆ ನದಿಗೆ ಇಳಿಯಲಿ.