ಚಕ್ರಮುನಿಯೋ ಚಾಯಾನೋ: ಮೂಡಿಗೆರೆ ಹಿತ್ತಲಲ್ಲಿ ಎರಡು ವರ್ಷ

ಮೂಡಿಗೆರೆ ಕಡೆ ಮಳೆಗಾಲದಲ್ಲಿ ಸೊಪ್ಪು ಬಿತ್ತಿ ಬೆಳೆಯುವುದು ಕಷ್ಟ. ಜೂನ್‌ನಲ್ಲಿ ಹಾಕಿದ ದಂಟು, ಪಾಲಕ್ ಮೊಳಕೆಯಲ್ಲೇ ಕೊಳೆಯುತ್ತವೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕೊಯ್ಯುವಂಥ ಗಿಡ ನನಗೆ ಬೇಕಿತ್ತು. ಹಾಗಾಗಿ ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಚಕ್ರಮುನಿಯ 6 ಕಡ್ಡಿ, ಚಾಯಾದ 6 ಕಡ್ಡಿ ನೆಟ್ಟೆ. ಬಸಳೆಯನ್ನೂ ಹಬ್ಬಿಸಿದ್ದೆ, ಆದರೆ ಆಗಸ್ಟ್ ಹೊತ್ತಿಗೆ ಎಲೆ ತುಂಬ ಕೆಂಪು ಚುಕ್ಕೆ. ಅದನ್ನು ಈ ಲೆಕ್ಕದಿಂದ ಬಿಟ್ಟಿದ್ದೇನೆ.

ಚಕ್ರಮುನಿಯನ್ನು ವಿಟಮಿನ್ ಸೊಪ್ಪು ಅಂತಲೂ ಕರೆಯುತ್ತಾರೆ. ನೆಲ್ಲಿಯ ಬಳಗದ ಗಿಡ. ಎಲೆಯ ಅಡಿಯಲ್ಲಿ ಪುಟ್ಟ ಚಕ್ರದಂಥ ಕೆಂಪು ಹೂವು ಬಿಡುತ್ತದೆ. ಚಾಯಾ ಮೆಕ್ಸಿಕೋದ ಯುಕಟಾನ್ ಕಡೆಯದು. ಅಲ್ಲಿನ ಮಾಯಾ ಜನ ಬಹಳ ಹಿಂದಿನಿಂದ ಬೆಳೆಸಿ ತಿನ್ನುವ ಸೊಪ್ಪು. ಇದು ಮರಗೆಣಸಿನ ಬಳಗ. ಎಲೆ ನೋಡಿದರೆ ಚಿಕ್ಕ ಪರಂಗಿ ಎಲೆ ಅನ್ನಿಸುತ್ತದೆ, ಮುರಿದರೆ ಬಿಳಿ ಹಾಲು ಸುರಿಯುತ್ತದೆ.

ನಮ್ಮ ಮಳೆಗೆ ಯಾವುದು ಒಗ್ಗಿತು ಅಂದರೆ, ಚಕ್ರಮುನಿಯೇ. ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿಗಳು. ಸುಮ್ನೆ ಬೇಲಿಯ ಬದಿಯ ಅರೆನೆರಳಲ್ಲಿ ಚುಚ್ಚಿದ್ದೆ. ಮೂರು ವಾರದಲ್ಲಿ ಆರೂ ಚಿಗುರಿದವು. ಜುಲೈನಲ್ಲಿ ವಾರವಿಡೀ ಬಿಸಿಲೇ ಕಾಣದಿದ್ದಾಗಲೂ ಚಿಗುರು ಬರುತ್ತಲೇ ಇತ್ತು. ಚಾಯಾದಲ್ಲಿ ನಾಲ್ಕು ಕಡ್ಡಿ ಕೊಳೆತವು. ತಪ್ಪು ನನ್ನದೇ. ಕಡಿದ ಕೂಡಲೇ, ಅದೂ ನೀರು ನಿಲ್ಲುವ ಜಾಗದಲ್ಲಿ ನೆಟ್ಟಿದ್ದೆ. ಕಡಿದ ಮೇಲೆ ಮೂರು ನಾಲ್ಕು ದಿನ ನೆರಳಲ್ಲಿಟ್ಟು, ಹಾಲು ಒಣಗಿ ಗಾಯ ಮಾಗಿದ ಮೇಲೆ ನೆಡಬೇಕು. ಉಳಿದ ಎರಡನ್ನು ಎತ್ತರದ ಏರಿಗೆ ಬದಲಾಯಿಸಿದ್ದಕ್ಕೆ ಬದುಕಿದವು.

ಈ ಆರಲ್ಲದೆ ಚಾಯಾದ ಇನ್ನೆರಡು ಕಡ್ಡಿಯನ್ನು ಕಡೂರಿನಲ್ಲಿರುವ ಅಕ್ಕನಿಗೆ ಕೊಟ್ಟಿದ್ದೆ. ಅಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ. ವರ್ಷ ತುಂಬುವುದರೊಳಗೆ ಗಿಡ ಅವಳಿಗಿಂತ ಎತ್ತರ! "ಪಾತ್ರೆ ತೊಳೆದ ನೀರು ಬಿಟ್ಟು ಬೇರೇನೂ ಹಾಕಿಲ್ಲ ಕಣೇ" ಅಂದಳು. ಒಂದೇ ಜಿಲ್ಲೆ, ಫಲ ಮಾತ್ರ ತಿರುಗಾಮುರುಗಾ. ನಮ್ಮಲ್ಲೂ ಮಾರ್ಚ್, ಏಪ್ರಿಲ್ ಬಂದರೆ ಚಾಯಾಗೆ ಸುಗ್ಗಿ. ಆಗ ಚಕ್ರಮುನಿಗೆ ವಾರಕ್ಕೆ ಎರಡು ಸಲ ನೀರು ಕೊಡದಿದ್ದರೆ ಎಲೆ ಸಣ್ಣದಾಗಿ ಒರಟಾಗುತ್ತದೆ.

ಅಡುಗೆಮನೆಯಲ್ಲಿ ಎರಡಕ್ಕೂ ಎಚ್ಚರಿಕೆ ಬೇಕು. ಈ ಮಾತನ್ನು ನಾನು ಗಿಡ ಕೇಳಿಕೊಂಡು ಬಂದ ಎಲ್ಲರಿಗೂ ಹೇಳುತ್ತೇನೆ. ಚಾಯಾದ ಹಸಿ ಎಲೆಯಲ್ಲಿ ಮರಗೆಣಸಿನಲ್ಲಿರುವಂತೆ ಸಯನೈಡ್ ಬಿಡುವ ಅಂಶ ಇರುತ್ತದೆ. ಹಸಿಯಾಗಿ ತಿನ್ನಲೇಬಾರದು. ನಾನು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕೊಯ್ಯುತ್ತೇನೆ. ಸ್ಟೀಲ್ ಪಾತ್ರೆಯಲ್ಲಿ, ಮುಚ್ಚಳ ಹಾಕದೆ 20 ನಿಮಿಷ ಕುದಿಸಿ ನೀರು ಚೆಲ್ಲುತ್ತೇನೆ. ಅಲ್ಯೂಮಿನಿಯಂ ಪಾತ್ರೆ ಬೇಡ. ಅಷ್ಟು ಬೇಯಿಸಿದರೂ ಎಲೆ ಕರಗುವುದಿಲ್ಲ, ಬೇಳೆ ಹಾಕಿ ಪಲ್ಯ ಮಾಡಿದರೆ ಬಾಯಿಗೆ ಚೆನ್ನಾಗಿ ಸಿಗುತ್ತದೆ. ಆದರೆ ಬಸ್ಸಾರಿಗೆ ಆಗುವುದಿಲ್ಲ. ಬಸ್ಸಾರಿನ ರುಚಿಯೆಲ್ಲ ಬಸಿದ ನೀರಲ್ಲೇ ಇರುವುದು, ಅಲ್ವಾ?

ಚಕ್ರಮುನಿಗೆ ಇಷ್ಟೆಲ್ಲ ಇಲ್ಲ. ಎಳೆ ಚಿಗುರು ಹಸಿ ಕಡಲೆಕಾಯಿಯ ರುಚಿ ಕೊಡುತ್ತದೆ. ಹೆಚ್ಚಿ ಅಕ್ಕಿರೊಟ್ಟಿಗೆ ಕಲಸುತ್ತೇನೆ. ತುಪ್ಪದಲ್ಲಿ ಚೆನ್ನಾಗಿ ಬಾಡಿಸಿ, ಕಾಯಿ, ಜೀರಿಗೆ ಜೊತೆ ರುಬ್ಬಿದರೆ ತಂಬುಳಿ. ಆದರೆ ಆರೋಗ್ಯಕ್ಕೆ ಒಳ್ಳೆಯದು ಅಂತ ಹಸಿ ರಸ ಮಾಡಿ ದಿನಾ ಕುಡಿಯಬೇಡಿ. 1995ರ ಸುಮಾರಿಗೆ ತೈವಾನ್‌ನಲ್ಲಿ ತೂಕ ಇಳಿಸಲೆಂದು ಹೀಗೆ ವಾರಗಟ್ಟಲೆ ಕುಡಿದವರ ಶ್ವಾಸಕೋಶ ಹಾಳಾಯಿತು, ಕೆಲವರು ತೀರಿಯೂ ಹೋದರು. ನಮ್ಮನೆಯಲ್ಲಿ ಬೇಯಿಸಿಯೇ ತಿನ್ನುತ್ತೇವೆ, ವಾರಕ್ಕೆ ಒಂದೆರಡು ಸಲ, ಅಷ್ಟೇ.

ಎರಡನ್ನೂ ಎದೆಯೆತ್ತರಕ್ಕೆ ಕತ್ತರಿಸುತ್ತಿರಬೇಕು. ಬಿಟ್ಟರೆ ಚಕ್ರಮುನಿ ಕೋಲಿನಂತೆ ಮೇಲೇರಿ ತುದಿಯಲ್ಲಷ್ಟೇ ಎಲೆ ಬಿಡುತ್ತದೆ.

ಮಲೆನಾಡಿನ ಹಿತ್ತಲಿಗೆ ಒಂದೇ ಗಿಡಕ್ಕೆ ಜಾಗ ಇದ್ದರೆ ಚಕ್ರಮುನಿ ನೆಡಿ. ಕಡೂರು, ಅರಸೀಕೆರೆಯಂಥ ಒಣ ಸೀಮೆಯವರು, ಬೇಯಿಸುವ ತಾಳ್ಮೆ ಇದ್ದರೆ, ಚಾಯಾ ಇಟ್ಟುಕೊಳ್ಳಿ. ಈ ಸಲ ಮೊದಲ ಮಳೆ ಬಿದ್ದ ಮೇಲೆ ಬೇಲಿಯುದ್ದಕ್ಕೂ ಇನ್ನೂ 10 ಚಕ್ರಮುನಿ ಕಡ್ಡಿ ನೆಡುತ್ತೇನೆ. ಏರಿಯ ಮೇಲಿನ ಎರಡು ಚಾಯಾ ಗಿಡ ಬೇಸಿಗೆಗೆಂದು ಹಾಗೇ ಇರಲಿ.