ರಂಗನತಿಟ್ಟೋ, ಕೊಕ್ಕರೆ ಬೆಳ್ಳೂರೋ?

ಗೂಡು ಕಟ್ಟುವ ಕಾಲದಲ್ಲಿ ಹಕ್ಕಿ ನೋಡಬೇಕು ಅನ್ನುವವರು ಕಾವೇರಿ ನಡುಗಡ್ಡೆಗಳ ರಂಗನತಿಟ್ಟು, ಮದ್ದೂರು ಕಡೆಯ ಹಳ್ಳಿ ಕೊಕ್ಕರೆ ಬೆಳ್ಳೂರು, ಈ ಎರಡರ ಹೆಸರನ್ನೇ ಹೇಳುತ್ತಾರೆ. ಎರಡೂ ಕಡೆ ಹೋಗಿ ಬಂದಿದ್ದೇನೆ. ನನ್ನ ಓಟು ಕೊಕ್ಕರೆ ಬೆಳ್ಳೂರಿಗೆ.

ರಂಗನತಿಟ್ಟಿನ ಕಷ್ಟ ದೋಣಿಯದ್ದು. ಜುಲೈಯಲ್ಲಿ ಬಾಡಿಗೆ ಕಾರು ಮಾಡಿಕೊಂಡು ಮನೆಮಂದಿಯೆಲ್ಲ ಹೋಗಿದ್ದೆವು. ಶ್ರೀರಂಗಪಟ್ಟಣದಲ್ಲಿ ಒಳ್ಳೆ ಬಿಸಿಲು. ಆದರೂ ದೋಣಿ ಬಂದ್! ಕೊಡಗಿನಲ್ಲಿ ಜೋರು ಮಳೆಯಾಗಿ ಕೆಆರ್‌ಎಸ್ ತುಂಬಿತ್ತು, ಗೇಟು ತೆಗೆದಿದ್ದರು. ರಂಗನತಿಟ್ಟು ಇರುವುದು ಅಣೆಕಟ್ಟೆಯ ಕೆಳಗೇ ಅಲ್ವಾ? ಕಾವೇರಿ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ತಿಟ್ಟುಗಳ ಬಂಡೆಯೆಲ್ಲ ಮುಳುಗಿ ಮರಗಳ ತಲೆ ಮಾತ್ರ ಕಾಣುತ್ತಿತ್ತು. ದಡದಲ್ಲಿ ಸ್ವಲ್ಪ ಅಡ್ಡಾಡಿ ವಾಪಸ್ ಬಂದೆವು. ಕಾರಿನ ಬಾಡಿಗೆಯನ್ನು ಪೂರ್ತಿ ಕೊಡಬೇಕಾಯಿತು.

ಈಗ ಅಲ್ಲಿಗೆ ಹೊರಡುವ ಮುಂಚೆ ಮೈಸೂರಿನ ಮಳೆ ಬಿಸಿಲು ನೋಡುವುದಿಲ್ಲ. ಪೇಪರಿನಲ್ಲಿ ಭಾಗಮಂಡಲದ ಮಳೆ, ಕೆಆರ್‌ಎಸ್ ನೀರಿನ ಮಟ್ಟ ನೋಡುತ್ತೇನೆ. ಗರಿಷ್ಠ ಮಟ್ಟ 124.80 ಅಡಿ. ನೀರು ಅದರ ಹತ್ತಿರ ಬಂದು ಹೊರಹರಿವು ಜಾಸ್ತಿಯಾಗಿದೆ ಅಂದರೆ ಹೋಗುವುದೇ ಇಲ್ಲ.

ಹೊಳೆ ಇಳಿದಿರುವಾಗ ರಂಗನತಿಟ್ಟು ಬಲು ಚೆಂದ. ಬಂಡೆಯ ಮೇಲೆ ಮೊಸಳೆ, ಪಕ್ಕದಲ್ಲೇ ಬಾಯ್ಕಳಕ ಅನ್ನುವ ಕೊಕ್ಕರೆಯ ಗೂಡು. ಆದರೆ ಕಣ್ಣು ತುಂಬುವಷ್ಟರಲ್ಲಿ ದೋಣಿ ದಡಕ್ಕೆ ಬಂದಿರುತ್ತದೆ.

ಕೊಕ್ಕರೆ ಬೆಳ್ಳೂರಿನಲ್ಲಿ ಆ ಅವಸರ ಇಲ್ಲ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ ಎರಡೂ ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ನಮ್ಮಮ್ಮನಿಗೆ ಮಂಡಿನೋವು, ದೋಣಿ ಹತ್ತಿ ಇಳಿಯುವುದು ಕಷ್ಟ. ಇಲ್ಲಿ ಒಂದು ಮನೆಯವರು ಜಗಲಿ ಮೇಲೆ ಕೂರಿಸಿ ನೀರು ಕೊಟ್ಟರು. ಹೆಜ್ಜಾರ್ಲೆ ಮರಿ ತಾಯಿಯ ಗಂಟಲಿನೊಳಗೆ ತಲೆ ತೂರಿಸಿ ಮೀನು ತಿನ್ನುವುದನ್ನು ಅಮ್ಮ ಮಧ್ಯಾಹ್ನದವರೆಗೂ ನೋಡುತ್ತಾ ಕೂತಿದ್ದರು. ಗೂಡು ಕೆಡಬಾರದು ಅಂತ ಆ ಮರಗಳ ಹುಣಸೆ ಫಸಲನ್ನೇ ಬಿಡುವ ಜನ ಇವರು. ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಒಂದಿಷ್ಟು ಪರಿಹಾರ ಕೊಡುತ್ತದೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಅಷ್ಟು ಸಣ್ಣ ಲಾಭಕ್ಕೆ ಯಾರೂ ಇಷ್ಟೆಲ್ಲ ಸಹಿಸುವುದಿಲ್ಲ. ಅವರಿಗೆ ಹಕ್ಕಿ ಬೇಕು, ಅಷ್ಟೇ.

ವಾಸನೆ ಇದೆ. ಮರದ ಕೆಳಗೆ ನಿಲ್ಲುವುದಾದರೆ ಟೋಪಿ ಇರಲಿ.

ಇಲ್ಲಿಯೂ ಕಾಲ ಹಕ್ಕಿಗಳದ್ದೇ. ಡಿಸೆಂಬರ್, ಜನವರಿ ಹೊತ್ತಿಗೆ ಬರುತ್ತವೆ. ಮರಿಗಳ ರೆಕ್ಕೆ ಬಲಿತ ಮೇಲೆ, ಮೇ-ಜೂನ್‌ಗೆ ಹೊರಟುಹೋಗುತ್ತವೆ. ಮಳೆಗಾಲದಲ್ಲಿ ಹೋದರೆ ಸುಮ್ನೆ ಖಾಲಿ ಮರ. ಮರಿಗಳನ್ನು ನೋಡಬೇಕಾದರೆ ಮಾರ್ಚ್ ಒಳ್ಳೆಯದು.

ಕ್ಯಾಮೆರಾ ಇದ್ದು ಸಮಯ ಕಮ್ಮಿ ಇರುವವರು ಫೆಬ್ರವರಿಯಲ್ಲಿ ರಂಗನತಿಟ್ಟಿಗೆ ಹೋಗಿ. ನನ್ನಂತೆ ಕೈಯಲ್ಲಿ ದುಡ್ಡು ಕಮ್ಮಿ, ಕೂತು ನೋಡುವ ಆಸೆ ಜಾಸ್ತಿ ಅನ್ನುವವರಿಗೆ ಬೆಳ್ಳೂರೇ ಸರಿ. ಮದ್ದೂರಿನವರೆಗೆ ಬಸ್ಸು, ಅಲ್ಲಿಂದ ಆಟೊ. ವಾಪಸ್ ಕರೆದುಕೊಂಡು ಹೋಗಲು ಬರಬೇಕು ಅಂತ ಆಟೊದವರಿಗೆ ಮೊದಲೇ ಹೇಳಿಡಿ.